ನಾಲ್ಕು ಅಕ್ಷರ, ಮೂರು ಕಟ್ಟು

ನಿಪ್ಪಾಣಿಯ ನಮ್ಮ ಮನೆಗೆ ಇದ್ದದ್ದು ಎರಡೂವರೆ ಕೋಣೆ. ಮುಂದಿನದು ಬೀಡಿ ಕಟ್ಟುವ ಕೋಣೆ, ಹಿಂದಿನದು ಅಡುಗೆಯದು. ನಡುವೆ ಏಣಿ ಹತ್ತಿದರೆ ತಗಡಿನ ಕೆಳಗೊಂದು ಅಟ್ಟ, ಅದು ಅರ್ಧ ಕೋಣೆ. ಅಟ್ಟದಲ್ಲಿ ನಿಂತರೆ ತಲೆಗೆ ತಗಡು ಬಡಿಯುತ್ತಿತ್ತು, ಅದಕ್ಕೆ ಅಲ್ಲಿ ಯಾರೂ ನಿಲ್ಲುತ್ತಿರಲಿಲ್ಲ, ಕೂರುತ್ತಿದ್ದರು. ಮನೆಯೆಲ್ಲ ತಂಬಾಕಿನ ಪುಡಿ. ಹೊರಗಿನಿಂದ ಬಂದವರು ಹೊಸ್ತಿಲಲ್ಲೇ ಸೀನುತ್ತಿದ್ದರು, ನಮಗೆ ಸೀನು ಬರುತ್ತಿರಲಿಲ್ಲ. ರೊಟ್ಟಿಯೂ ಕಹಿ. ತಂಬಾಕು ತುಂಬುವ ಕೈಯೇ ಹಿಟ್ಟು ನಾದುವ ಕೈ, ಎಷ್ಟು ತೊಳೆದರೂ ಉಗುರಿನ ಸಂದಿಯದು ಹೋಗುತ್ತಿರಲಿಲ್ಲ. ಜೋಳದ ರೊಟ್ಟಿ ಎಂದರೆ ಎಲ್ಲ ಕಡೆ ಸ್ವಲ್ಪ ಕಹಿಯೇ ಇರುತ್ತದೆ ಎಂದು ತಿಳಿದುಕೊಂಡಿದ್ದೆ. ಹಾಗಿಲ್ಲ ಎಂದು ಗೊತ್ತಾದದ್ದು ಗಂಡನ ಮನೆಯಲ್ಲಿ.

ನನ್ನನ್ನು ಮೂರನೆಯ ಇಯತ್ತೆಗೇ ಶಾಲೆ ಬಿಡಿಸಿ ಬೀಡಿಗೆ ಕೂರಿಸಿದ್ದರು. ಅದರ ಬಗ್ಗೆ ನನಗೆ ಸಿಟ್ಟಿಲ್ಲ, ಓಣಿಯ ಎಲ್ಲ ಹುಡುಗಿಯರದೂ ಅದೇ ಕಥೆ. ಆದರೂ ದಿನಕ್ಕೆರಡು ಸಲ ನೀರಿಗೆ ನಳಕ್ಕೆ ಹೋಗುತ್ತಿದ್ದೆ, ಅಲ್ಲಿ ಜಗಳ ಇರುತ್ತಿತ್ತು, ನಗು ಇರುತ್ತಿತ್ತು. ಹನ್ನೆರಡು ತುಂಬುವ ಮೊದಲೇ ಮೈನೆರೆದೆ. ಮೂಲೆಯಲ್ಲಿ ಚಾಪೆ ಹಾಸಿ ಕೂರಿಸಿದರು, ಕೊಬ್ಬರಿ ಬೆಲ್ಲ ತಿನ್ನಿಸಿದರು, ಓಣಿಯ ಹೆಂಗಸರು ಬಂದು ಹಾಡಿ ಉಡಿ ತುಂಬಿ ಹೋದರು. ನನಗೆ ಹಬ್ಬದ ಹಾಗೆ ಅನಿಸಿತ್ತು. ಎಲ್ಲ ಮುಗಿದ ಮರುದಿನ ಕೊಡ ಎತ್ತಿಕೊಂಡೆ. ಆಯಿ, ಅಂದರೆ ಅಪ್ಪನ ತಾಯಿ, ಕೊಡವನ್ನು ನನ್ನ ಸೊಂಟದಿಂದ ಇಳಿಸಿದಳು.

"ಇನ್ನ ಮ್ಯಾಲ ನಳಕ್ಕ ನಿಮ್ಮವ್ವ ಹೋಗತಾಳ. ನೀ ಕುಂಡರ."

"ಎಷ್ಟ ದಿನ?"

"ಲಗ್ನ ಆಗೂತನಕ."

ಅಷ್ಟೇ. ಯಾರೂ ಬಾಗಿಲಿಗೆ ಕೀಲಿ ಹಾಕಲಿಲ್ಲ, ಬೈಯಲೂ ಇಲ್ಲ. ಬೆಳಕು ಬೇಕೆಂದು ಆಯಿ ಬಾಗಿಲಲ್ಲೇ ಕುಳಿತು ಬೀಡಿ ಕಟ್ಟುತ್ತಿದ್ದಳು, ಎರಡೂ ಕಾಲು ಹೊಸ್ತಿಲಿಗೆ ಅಡ್ಡ ಚಾಚಿ. ಹೊರಗೆ ಹೋಗಬೇಕೆಂದರೆ ಅವಳ ಕಾಲು ದಾಟಬೇಕು. ಹಿರಿಯರ ಕಾಲು ದಾಟುವ ಹುಡುಗಿ ನಮ್ಮ ಓಣಿಯಲ್ಲಿ ಹುಟ್ಟಿರಲಿಲ್ಲ. ಅವ್ವ, ಅಪ್ಪ ಬಂದರೆ ಕಾಲು ಮಡಚುತ್ತಿದ್ದಳು, ನಾನು ಎದ್ದರೆ ಮಡಚುತ್ತಿರಲಿಲ್ಲ. ಎರಡು ವರ್ಷ ಹೀಗೆ ಹೋಯಿತು. ಓಣಿಗೆ ಆಗ ಒಂದೇ ಟಿ.ವಿ. ಬಂದಿತ್ತು, ಎದುರು ಮನೆಗೆ. ಅದರ ಸದ್ದು ಕೇಳಿಸಿಕೊಂಡೆ, ಅದರ ಮುಖ ನೋಡಲಿಲ್ಲ.

ಇನ್ನು ಬೀಡಿಯ ಕೆಲಸ. ಎಲೆ ನೆನೆಸಿ ಒದ್ದೆ ಚೀಲದಲ್ಲಿ ಇಡುತ್ತಿದ್ದೆವು. ಬೆಳಗ್ಗೆ ಒಂದೊಂದೇ ಎಲೆ ತೆಗೆದು, ಅದರ ಮೇಲೆ ಅಳತೆಯ ತಗಡು ಇಟ್ಟು ಕತ್ತರಿಸಬೇಕು. ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ, ತಂಬಾಕು, ದಾರ. ತುಂಬು, ಸುತ್ತು, ತುದಿ ಮಡಚು, ದಾರ ಕಟ್ಟು. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು. ಮಧ್ಯಾಹ್ನ ಆಯಿ ಬುಟ್ಟಿ ಹೊತ್ತು ಕಾರಖಾನೆಯ ಶಾಖೆಗೆ ಹೋಗಿ ತಪಾಸಣೆಯವನ ಮುಂದೆ ಇಡುತ್ತಿದ್ದಳು. ಸಡಿಲ ಇದ್ದದ್ದು, ಒಡೆದದ್ದು ಅವನು ಎತ್ತಿ ಬಿಸಾಡುತ್ತಿದ್ದ. ಒಂದು ಕಟ್ಟಿನಲ್ಲಿ ಇಪ್ಪತ್ತನಾಲ್ಕು ಸಿಕ್ಕರಂತೂ ಇಡೀ ಬುಟ್ಟಿಯನ್ನೇ ಸಂಶಯದಿಂದ ಬಿಚ್ಚುತ್ತಿದ್ದ. ಅದಕ್ಕೆ ನಮ್ಮ ಮನೆಯ ನಿಯಮ: ಇಪ್ಪತ್ತೈದು ತುಂಬದ್ದು ಕಟ್ಟಲ್ಲ, ಅದನ್ನು ಕೊಡಬಾರದು, ಎಣಿಕೆಯಲ್ಲಿ ಹೇಳಲೂಬಾರದು. ಉಳಿದ ಎಂಟೋ ಹತ್ತೋ ಬೀಡಿಯನ್ನು ಒದ್ದೆ ಬಟ್ಟೆಯ ಕೆಳಗೆ ಇಟ್ಟರೆ ನಾಳೆಯ ಕಟ್ಟಿಗೆ ಸೇರುತ್ತವೆ. ಎಂಟು ವರ್ಷದವಳಿದ್ದಾಗ ನಾನು ಒಮ್ಮೆ "ಆರ ಕಟ್ಟ, ಮ್ಯಾಲ ಒಂಬತ್ತ" ಎಂದು ಹೇಳಿದ್ದೆ. ಆಯಿ ಕಪಾಳಕ್ಕೆ ಹೊಡೆದು, "ಮ್ಯಾಲಿಂದು ಯಾರ ಕೇಳ್ಯಾರ ನಿನ್ನ?" ಎಂದಳು. ಆಮೇಲೆ ನನಗೆ ಮೇಲಿನದು ಎಂಬ ಎಣಿಕೆಯೇ ಬಾಯಿಗೆ ಬರಲಿಲ್ಲ.

ಅಟ್ಟ ಕಾಕಾನದು. ಅಪ್ಪನ ತಮ್ಮ, ಲಗ್ನವಾಗಿರಲಿಲ್ಲ. ಮ್ಯಾಟ್ರಿಕ್ಕಿಗೆ ಮೂರು ಸಲ ಕುಳಿತು ಮೂರು ಸಲವೂ ಇಂಗ್ಲಿಷಿನಲ್ಲೇ ಬಿದ್ದಿದ್ದ. ಆಮೇಲೆ ವಖಾರಿಯಲ್ಲಿ, ಅಂದರೆ ಸಾಹುಕಾರರ ಗೋದಾಮಿನಲ್ಲಿ, ತಂಬಾಕು ಜರಡಿ ಹಿಡಿದು ಹಿಡಿದು ಅವನ ಕಣ್ಣು ಕೆಟ್ಟಿತು. ದಾರಿ ಕಾಣುತ್ತಿತ್ತು, ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಭೂತಗನ್ನಡಿ ಹಿಡಿದು ಹತ್ತು ಸಾಲು ಓದಿದರೆ ನೀರು ಸುರಿಯುತ್ತಿತ್ತು. ಆದರೂ ಅವನು ಇಂಗ್ಲಿಷಿನ ಬೆನ್ನು ಬಿಡಲಿಲ್ಲ. ಮುಂಬಯಿಯಿಂದ ಬರುವ ಒಂದು ಇಂಗ್ಲಿಷ್ ಮಾಸಿಕವನ್ನು ಯಾರ ಕಡೆಯಿಂದಲೋ ಹಳೆಯದಾದ ಮೇಲೆ ತರುತ್ತಿದ್ದ. ಅದರ ಕೊನೆಯ ಹಾಳೆಯಲ್ಲಿ ಶಬ್ದದ ಸ್ಪರ್ಧೆ ಇರುತ್ತಿತ್ತು: ನಾಲ್ಕು ಅಕ್ಷರ ಕೊಡುವುದು, ಆ ನಾಲ್ಕೂ ಇರುವ ಇಂಗ್ಲಿಷ್ ಶಬ್ದ ಹುಡುಕಿ ಕಳಿಸುವುದು. ಹಿಂದು ಮುಂದು ಹೇಗಿದ್ದರೂ ನಡೆಯುತ್ತದೆ, ನಾಲ್ಕೂ ಇರಬೇಕು. ಯಾರು ಹೆಚ್ಚು ಕಳಿಸುತ್ತಾರೋ ಅವರಿಗೆ ಬಹುಮಾನ. ಕಳಿಸಲು ಮೂರು ತಿಂಗಳ ಗಡುವು ಇರುತ್ತಿತ್ತು, ಹಳೆಯ ಸಂಚಿಕೆಯೂ ನಡೆಯುತ್ತಿತ್ತು.

ಆಯಿಗೆ ಈ ಕಾಗದ ಕಂಡರೆ ಆಗುತ್ತಿರಲಿಲ್ಲ. ಊಟಕ್ಕೆ ಕುಳಿತಾಗಲೇ ಶುರುವಾಗುತ್ತಿತ್ತು.

"ತಲಿ ಬೆಳ್ಳಗಾಗಾಕ ಬಂತು, ಇನ್ನೂ ಎಬಿಸಿಡಿ ಬಿಡವಲ್ಲಿ ನೀ."

"ನಿನಗ ತಿಳಿಯೂದಿಲ್ಲಬೇ. ಈ ಸಲ ಹೊಲಿಗಿ ಮಶೀನ ಇಟ್ಟಾರ."

"ಬರಲಿ, ಆರತಿ ಎತ್ತತೀನಿ. ಈಗ ಝುಣಕಾ ತಿಂದ ಎಲಿ ಕತ್ತರಸಾಕ ಹೋಗ."

ಎರಡನೆಯ ವರ್ಷದ ಚಳಿಗಾಲದಲ್ಲಿ ಸತ್ತಿ ಎಂಬ ಹಳ್ಳಿಯಿಂದ ಅತ್ತಿ ಬಂದಳು, ಅಪ್ಪನ ಅಕ್ಕ. ಒಂದು ಬುಟ್ಟಿ ಬದನೆಕಾಯಿ ತಂದಿದ್ದಳು. ಅವಳ ಮಗನ ಹೆಂಡತಿ ತೀರಿಹೋಗಿ ವರ್ಷವಾಗಿತ್ತು, ಹೊಳೆಯ ದಂಡೆಗೆ ಹೊಲ ಇತ್ತು, ಮನೆಯಲ್ಲಿ ಕೆಲಸಕ್ಕೆ ಕೈ ಇರಲಿಲ್ಲ. ಸೋದರತ್ತೆ ಮಗನಿಗೆ ಹೆಣ್ಣು ಕೇಳಿದರೆ ಇಲ್ಲ ಎನ್ನುವ ರೂಢಿ ಇರಲಿಲ್ಲ. ಅವನನ್ನು ನಾನು ಒಮ್ಮೆ ನೋಡಿದ್ದೆ, ನಮ್ಮ ಮನೆಯಲ್ಲಿ ಊಟ ಮಾಡಿದ, ತಟ್ಟೆಯಿಂದ ತಲೆ ಎತ್ತಲಿಲ್ಲ. ನನಗಿಂತ ಹದಿನೈದು ವರ್ಷ ದೊಡ್ಡವನಿರಬೇಕು. ಅತ್ತಿ ನನ್ನ ಕೈ ಹಿಡಿದು ಬೆರಳು ತಿರುವಿ ನೋಡಿ, "ಚುರುಕ ಅದಾವ. ಯುಗಾದಿ ಮುಗೀಲಿ" ಎಂದಳು. ಎತ್ತಿನ ಹಲ್ಲು ನೋಡುವವರೂ ಅಷ್ಟು ಬೇಗ ಮುಗಿಸುವುದಿಲ್ಲ.

ಅಡ್ಡ ಬಂದವನು ಕಾಕಾ. ಕರುಣೆಯಿಂದ ಬಂದನೆಂದು ನಾನು ಹೇಳುವುದಿಲ್ಲ. ಅವನಿಗೆ ಕಣ್ಣು ಬೇಕಿತ್ತು, ಮನೆಯಲ್ಲಿ ಎಳೆಯ ಕಣ್ಣು ನನ್ನದೊಂದೇ. ಅಪ್ಪ ವಖಾರಿಯಲ್ಲಿ ಲಾರಿಗೆ ಮೂಟೆ ಏರಿಸಿ ಬಂದು ಉಣ್ಣುತ್ತಿದ್ದಾಗ ಅವನು ಏಣಿಯ ಮೇಲಿಂದಲೇ ಮಾತು ತೆಗೆದ.

"ಅಣ್ಣಾ, ಮಶೀನ ಬಂದರ ನಿನ್ನ ಮಗಳು ಬಾಳಕ್ಕಗ ಕೊಡತೀನಿ. ಬಜಾರದಾಗ ನನ್ನ ಗೆಳ್ಯಾನ ಬಟ್ಟಿ ಅಂಗಡಿ ಐತಿ, ಅವನ ಕಟ್ಟಿ ಮ್ಯಾಲ ಕುಂತ ಹೊಲೀಲಿ. ಲಗ್ನ ಎರಡ ವರ್ಷ ತಡಿ."

"ಬಂದರ ನೋಡೋಣ."

"ನೋಡೋಣ ಅಲ್ಲ. ಮಾತ ಕೊಡ."

ಅಪ್ಪ ತುತ್ತು ನುಂಗಿ ಹೇಳಿದ: "ಬಂದರ ತಡೀತೀನಿ. ಬರದಿದ್ದರ ಅಕ್ಕನ ಮಾತು."

ನನಗೆ ಮಶೀನು ಬೇಕಿರಲಿಲ್ಲ, ಅದನ್ನು ಯಾರು ತುಳಿಯುತ್ತಾರೆ. ನನಗೆ ಬೇಕಿದ್ದದ್ದು ಬಜಾರದ ಆ ಕಟ್ಟೆ. ದಿನಾ ಬೆಳಗ್ಗೆ ಮನೆಯಿಂದ ಹೊರಟು ಅಲ್ಲಿ ಹೋಗಿ ಕೂರುವುದು, ಹೋಗಿ ಬರುವವರನ್ನು ನೋಡುವುದು, ಸಂಜೆ ನಡೆದು ಬರುವುದು. ಅದರ ಮುಂದೆ ನನಗೆ ಆಗ ಬೇರೆ ಆಸೆ ಇರಲಿಲ್ಲ.

ಆ ಸಲದ ಅಕ್ಷರ ಎಲ್, ಎಮ್, ಪಿ, ವಾಯ್. ಕಾಕಾ ರದ್ದಿಯವನಿಂದ ಒಂದು ಡಿಕ್ಷನರಿ ತಂದಿದ್ದ, ಹೊದಿಕೆ ಇಲ್ಲ, ಬೆನ್ನು ಹರಿದಿತ್ತು, ಆದರೆ ಹಾಳೆ ಪೂರ್ತಿ ಇದ್ದವು. ನನಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಬರಬೇಕೆಂದು ಅವನೂ ಹೇಳಲಿಲ್ಲ. ಇದ್ದಿಲಿನಿಂದ ನೆಲದ ಮೇಲೆ ನಾಲ್ಕು ಅಕ್ಷರವನ್ನೂ ದೊಡ್ಡದಾಗಿ ಒಂದು ನಮೂನೆ, ಸಣ್ಣದಾಗಿ ಒಂದು ನಮೂನೆ ಬರೆದು ತೋರಿಸಿದ. ಕೆಟ್ಟುಹೋದ ಬೀಡಿ ಲೇಬಲ್ಲುಗಳ ಒಂದು ಗಂಟು ಕೊಟ್ಟ.

"ಇದರ ಹಿಂದ ಬರಿ ಬಾಳಕ್ಕಾ. ನಿನಗ ತಿಳಿಯೂ ಹಂಗ ಹೇಳತೀನಿ, ಒಂದ ಲೇಬಲ್ಲಿಗೆ ಇಪ್ಪತ್ತೈದ. ಬೀಡಿ ಕಟ್ಟಿನ ಹಂಗ."

"ಅಕ್ಷರ ತಪ್ಪಿದರ?"

"ತಪ್ಪಾಕ ನೀ ಏನ ಓದತೀ ಏನು? ಇದ್ದದ್ದ ಇದ್ದಂಗ ಗೀರ."

ಮಧ್ಯಾಹ್ನ ಆಯಿ ಬುಟ್ಟಿ ಹೊತ್ತು ಹೋದ ಮೇಲೆ ಏಣಿ ಹತ್ತುತ್ತಿದ್ದೆ. ಅವಳು ಬರುವವರೆಗೆ ಒಂದೂವರೆ ತಾಸು ಸಿಗುತ್ತಿತ್ತು. ಬಿಸಿಲಿಗೆ ತಗಡು ಕಾದು ತಲೆ ಸುಡುತ್ತಿತ್ತು. ಮೊದಲ ನಾಲ್ಕು ದಿನ ಏನೂ ಸಿಗಲಿಲ್ಲ, ಅಕ್ಷರಗಳೆಲ್ಲ ಇರುವೆಯ ಹಾಗೆ ಓಡಾಡಿದವು. ಆಮೇಲೆ ಎಲೆ ಕತ್ತರಿಸುವ ಒಂದು ಹಳೆಯ ತಗಡಿಗೆ ನಡುವೆ ಉದ್ದಕ್ಕೆ ಕಿಂಡಿ ಹೊಡೆದೆ. ಹಾಳೆಯ ಮೇಲೆ ಇಟ್ಟರೆ ಒಂದೇ ಶಬ್ದ ಕಾಣುತ್ತಿತ್ತು, ಉಳಿದವು ಬಾಯಿ ಮುಚ್ಚಿಕೊಂಡಿರುತ್ತಿದ್ದವು. ಸಣ್ಣ ಅಕ್ಷರದಲ್ಲಿ ಪಿ ಮತ್ತು ವಾಯ್ ಎರಡಕ್ಕೂ ಗೆರೆಯ ಕೆಳಗೆ ಬಾಲ ಇಳಿಯುತ್ತದೆ ಎಂದು ಕಂಡುಕೊಂಡೆ. ಹಾಗಾದರೆ ಮೊದಲು ಬಾಲ ಎಣಿಸು. ಎರಡು ಬಾಲ ಇಲ್ಲದ್ದನ್ನು ನೋಡುವುದೇ ಬೇಡ, ಮುಂದೆ ಸರಿಸು. ಎರಡಿದ್ದರೆ ಮಾತ್ರ ನಿಲ್ಲು, ಮೂರು ಕಾಲಿನ ಎಮ್ ಹುಡುಕು, ನೆಟ್ಟ ಕಡ್ಡಿಯಂಥ ಎಲ್ ಹುಡುಕು. ಜಿ ಎಂಬ ಅಕ್ಷರಕ್ಕೂ ಬಾಲ ಇತ್ತು, ಅದು ಮೋಸಗಾರ, ಬಹಳ ಸಲ ನಿಲ್ಲಿಸಿತು. ಕಲ್ಲು ಆರಿಸುವಾಗ ಅಕ್ಕಿಯನ್ನು ಯಾರೂ ಓದುವುದಿಲ್ಲ. ಹಾಗೆ ಓಡಿತು ಕಣ್ಣು. ದಿನಕ್ಕೆ ಹತ್ತು ಹಾಳೆ, ಆಮೇಲೆ ಹದಿನೈದು.

ಮೊದಲು ಸಿಕ್ಕ ಶಬ್ದವನ್ನು ಕಾಕಾ ಭೂತಗನ್ನಡಿಯಲ್ಲಿ ನೋಡಿ, "ಆಂಪ್ಲಿ" ಎಂದ. ಬೇಕಾದಷ್ಟು ಎಂದು ಅರ್ಥವಂತೆ. ಇನ್ನೊಂದು ದಿನ "ಎಂಪ್ಲಾಯ್" ಎಂದ, ಕೆಲಸಕ್ಕೆ ಹಚ್ಚುವುದು ಎಂದ. ಮೂರನೆಯದನ್ನು ಕೇಳಿದಾಗ ಬೇಸರ ಮಾಡಿಕೊಂಡ.

"ಅರ್ಥ ತಗೊಂಡ ಏನ ಮಾಡತಿ? ಉಪ್ಪಿನಕಾಯಿ ಹಾಕತೀ ಏನು? ಹುಡುಕ."

ಆಮೇಲೆ ನಾನು ಕೇಳಲಿಲ್ಲ. ಸಿ ಅಕ್ಷರದ ಹಾಳೆಗಳಲ್ಲಿ, ಐ ಅಕ್ಷರದ ಹಾಳೆಗಳಲ್ಲಿ ಗುಂಪು ಗುಂಪಾಗಿ ಸಿಕ್ಕವು. ಎಚ್, ಜೆ, ಕೆ ಹಾಳು ಹೊಲ. ಆ ಅಟ್ಟದಲ್ಲಿ ಕುಳಿತಾಗ ನನಗೆ ಸುಖ ಇತ್ತು ಎಂದು ಯಾರಾದರೂ ತಿಳಿದರೆ ತಪ್ಪು. ಕೆಳಗೆ ಬೀಡಿ, ಮೇಲೆ ಶಬ್ದ, ಎರಡೂ ಕುತ್ತಿಗೆ ಬಗ್ಗಿಸುವ ಕೆಲಸವೇ. ಯುಗಾದಿ ಹತ್ತಿರ ಬರುತ್ತಿತ್ತು, ಅವ್ವ ಗೋಧಿ ಹಸನು ಮಾಡಲು ಶುರು ಮಾಡಿದ್ದಳು, ಯಾರ ಲಗ್ನಕ್ಕೆ ಎಂದು ನನಗೆ ಗೊತ್ತಿತ್ತು. ಒಮ್ಮೆ ಅವ್ವನನ್ನು ಕೇಳಿದೆ, "ನಿನಗ ಇಲ್ಲಿಗೆ ಬರೂ ಮುಂದ ಏನ ಅನಿಸಿತ್ತಬೇ?" ಅವಳು ಮೊರ ಕೊಡವುತ್ತ, "ನನ್ನ ಯಾರರ ಕೇಳಿದ್ದರ ನೆನಪ ಇರತಿತ್ತು" ಎಂದಳು.

ಕಳಿಸುವ ಕೊನೆಯ ದಿನಕ್ಕೆ ಎಂಟು ದಿನ ಇರುವಾಗ ನಾನು ಡಿಕ್ಷನರಿಯ ಕೊನೆಯ ಹಾಳೆ ಮುಟ್ಟಿದೆ. ಕಾಕಾ ಏಣಿಯ ಕೆಳಗೆ ನಿಂತು ಕೇಳಿದ.

"ಎಷ್ಟ ಕಟ್ಟಾದುವು?"

"ಮೂರ."

"ಮೂರ ಅಂದರ ಎಪ್ಪತ್ತೈದ! ಭೇಷ್. ಇಷ್ಟ ಹುಡುಕುವ ಮಗ ಯಾವನೂ ಇಲ್ಲ."

ಆ ಮೂರು ಲೇಬಲ್ಲಿನ ಶಬ್ದಗಳನ್ನು ಬಿಳಿ ಹಾಳೆಗೆ ನಾನೇ ಇಳಿಸಿದೆ, ಕೆಳಗೆ ಅವನು ಸಹಿ ಮಾಡಿದ, ತಾನೇ ಹೋಗಿ ಪೋಸ್ಟಿಗೆ ಹಾಕಿ ಬಂದ. ನನ್ನ ಹತ್ತಿರ ನಾಲ್ಕನೆಯ ಲೇಬಲ್ಲು ಇತ್ತು. ಅದರಲ್ಲಿ ಎಸ್, ಟಿ, ಯು ಹಾಳೆಗಳಲ್ಲಿ ಸಿಕ್ಕ ಹನ್ನೊಂದು ಶಬ್ದ. ಕಟ್ಟು ತುಂಬಿರಲಿಲ್ಲ. ಅದನ್ನು ಡಿಕ್ಷನರಿಯ ಒಳಗೆ ಜೋಪಾನವಾಗಿ ಇಟ್ಟೆ, ಮುಂದಿನ ಸಲಕ್ಕೆ ಸೇರುತ್ತವೆ ಎಂದು. ಮುಚ್ಚಿಟ್ಟೆ ಎಂದು ಅಲ್ಲ. ಅವನು ಕಟ್ಟು ಕೇಳಿದ, ನಾನು ಕಟ್ಟು ಹೇಳಿದೆ. ಒದ್ದೆ ಬಟ್ಟೆಯ ಕೆಳಗೆ ಉಳಿದದ್ದನ್ನು ಯಾರಾದರೂ ಕಾರಖಾನೆಗೆ ಹೇಳುತ್ತಾರೆಯೇ?

ಆ ದಿನಗಳಲ್ಲಿ ನಾನು ಮನಸ್ಸಿನಲ್ಲೇ ಬಜಾರದ ಕಟ್ಟೆಯ ಮೇಲೆ ಕುಳಿತುಬಿಟ್ಟಿದ್ದೆ. ಬೀಡಿ ಸಡಿಲಾದವು, ತಪಾಸಣೆಯವನು ಎತ್ತಿ ಎಸೆಯುವುದು ಹೆಚ್ಚಾಯಿತು, ಆಯಿ ಬೈದಳು, ನನಗೆ ತಾಕಲಿಲ್ಲ.

ಯುಗಾದಿಗೆ ಹದಿನೈದು ದಿನ ಇತ್ತು. ಈ ಸಲ ಕಾಕಾ ಹಳೆಯ ಸಂಚಿಕೆಗೆ ಕಾಯದೆ ಹೊಸದನ್ನೇ ತಂದ. ಬಾಗಿಲಲ್ಲೇ ನಿಂತು ಭೂತಗನ್ನಡಿ ಹಿಡಿದು ಓದಿದ. ಮುಖ ಇಳಿಯಿತು, ಆಮೇಲೆ ನಕ್ಕ.

"ನೋಡ್ರಿಲ್ಲೆ! ಗೆದ್ದಾಂವಂದು ಎಪ್ಪತ್ತೊಂಬತ್ತ. ನಮ್ಮದು ಎಪ್ಪತ್ತೈದ. ನಾಕ ಶಬ್ದಕ್ಕ ಹೋತಬೇ, ನಾಕ! ಮುಂಬಯಿದಾಂವ ಅಂತ, ಕಾಲೇಜ ಕಲಿತಾಂವ ಇರಬೇಕು."

ಮಶೀನು ಹೋದದ್ದಕ್ಕಿಂತ ಅಷ್ಟು ಹತ್ತಿರ ಬಂದದ್ದರ ಹೆಮ್ಮೆ ಅವನಿಗೆ. ನಾನು ಏಣಿ ಹತ್ತಿ ನಾಲ್ಕನೆಯ ಲೇಬಲ್ಲು ತಂದು ಅವನ ಕೈಗೆ ಕೊಟ್ಟೆ.

"ಏನಿದು?"

"ಅವತ್ತ ಉಳದಿದ್ದೂ. ಇವನ್ನ ಸೇರಸಿದರ ಆಗೂದಿಲ್ಲೇನು?"

ಕಾಕಾ ಬೆರಳಿಟ್ಟು ಎಣಿಸಿದ. ಇನ್ನೊಮ್ಮೆ ಎಣಿಸಿದ. ಭೂತಗನ್ನಡಿಯಲ್ಲಿ ಒಂದೊಂದು ಶಬ್ದದಲ್ಲೂ ನಾಲ್ಕು ಅಕ್ಷರ ಹುಡುಕಿದ, ಒಂದೂ ತಪ್ಪಿರಲಿಲ್ಲ. ಅವನ ಕಣ್ಣಿಂದ ನೀರು ಸುರಿಯಿತು, ಅದು ಅಳುವೋ ಕಣ್ಣಿನ ರೋಗವೋ ನಾನು ಹೇಳಲಾರೆ.

"ಹನ್ನೊಂದ. ಯಾಕ ಹೇಳಲಿಲ್ಲಲೇ ಹುಚ್ಚಿ?"

"ನೀ ಕಟ್ಟ ಎಷ್ಟ ಅಂದಿ."

ಅವನು ಕೈ ಎತ್ತಿದ, ಹೊಡೆಯಲಿಲ್ಲ. ಕೈ ಹಾಗೇ ಕೆಳಗೆ ಬಂತು. ಹೊಸ್ತಿಲಲ್ಲಿ ಕುಳಿತ ಆಯಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬೀಡಿಗೆ ದಾರ ಸುತ್ತುತ್ತಲೇ ಹೇಳಿದಳು:

"ಆಕಿನ್ನ ಯಾಕ ಅಂತೀ? ಆಕಿ ಮಾಡಿದ್ದ ಬರೋಬ್ಬರಿ ಐತಿ. ತುಂಬದ ಕಟ್ಟ ಯಾರ ಕೊಡತಾರ?" ಆಮೇಲೆ ನನ್ನ ಕಡೆ ತಿರುಗಿ, "ಶಾಣ್ಯಾಕಿ ಅದಿ" ಎಂದಳು.

ನನ್ನ ಆಯುಷ್ಯದಲ್ಲಿ ಅವಳು ನನ್ನನ್ನು ಹೊಗಳಿದ್ದು ಅದೊಂದೇ ಸಲ. ಹೊಗಳಿದಾಗ ನನಗೆ ಖುಷಿಯಾಯಿತು, ಅದನ್ನು ಸುಳ್ಳು ಹೇಳುವುದಿಲ್ಲ. ಒಂದು ಕ್ಷಣ ಖುಷಿಯಾಯಿತು, ಆಮೇಲೆ ಲೇಬಲ್ಲನ್ನು ಕಾಕಾನ ಕೈಯಿಂದ ತಿರುಗಿ ತೆಗೆದುಕೊಂಡೆ. ಸಂಜೆ ಅಪ್ಪ ಬಂದ. ಕಾಕಾ ಅಟ್ಟದಿಂದ ಇಳಿಯಲಿಲ್ಲ. ಅಪ್ಪ ಸತ್ತಿಗೆ ಹೇಳಿ ಕಳಿಸಿದ.

ಮರುದಿನ ಮಧ್ಯಾಹ್ನ ಆಯಿ ಬುಟ್ಟಿ ಹೊತ್ತು ಹೋದಳು. ಅವ್ವ ಹಿಟ್ಟಿನ ಗಿರಣಿಗೆ ಹೋಗಿದ್ದಳು, ಕಾಕಾ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ. ನಾನು ಲೇಬಲ್ಲು ಮುಷ್ಟಿಯಲ್ಲಿ ಹಿಡಿದು ಮನೆಯಿಂದ ಹೊರಬಿದ್ದೆ. ಹನ್ನೊಂದು ಅವರಿಗೆ ಮುಟ್ಟಿದರೆ ಎಣಿಕೆ ತಿದ್ದುತ್ತಾರೆ ಎಂದುಕೊಂಡಿದ್ದೆ. ಎರಡು ವರ್ಷದ ಮೇಲೆ ಬಿಸಿಲು ನೆತ್ತಿಗೆ ಬಿದ್ದಿತು, ಕಣ್ಣಿಗೆ ಕತ್ತಲೆ ಬಂತು. ಯಾರಾದರೂ ಹಿಡಿಯುತ್ತಾರೆ, ಯಾರಾದರೂ ಕೂಗುತ್ತಾರೆ ಎಂದು ಸೆರಗು ಎಳೆದುಕೊಂಡೇ ನಡೆದೆ. ಯಾರೂ ನೋಡಲೇ ಇಲ್ಲ. ಚಪ್ಪಲಿ ಹೊಲಿಯುವವನು ಚಪ್ಪಲಿ ಹೊಲಿಯುತ್ತಿದ್ದ, ಹೆಂಗಸರು ಮೆಣಸಿನಕಾಯಿಗೆ ಚೌಕಾಸಿ ಮಾಡುತ್ತಿದ್ದರು. ಪೋಸ್ಟಿನ ಕಿಂಡಿಯಲ್ಲಿ ಒಬ್ಬ ವಯಸ್ಸಾದ ಮನುಷ್ಯ ಕುಳಿತಿದ್ದ.

"ಇದನ್ನ ಮುಂಬಯಿಗೆ ಕಳಸರಿ."

"ವಿಳಾಸ ಎಲ್ಲೈತಿ?"

"ಇಂಗ್ಲಿಷ್ ಪೇಪರಿನವರಿಗ್ರಿ. ಶಬ್ದದ ಸ್ಪರ್ಧಾಕ್ಕ. ಹನ್ನೊಂದ ಬಿಟ್ಟ ಹೋಗ್ಯಾವು, ನಿನ್ನೆ ರಿಜಲ್ಟ ಬಂತು, ಸೇರಸ್ರಿ ಅಂತ ಹೇಳರಿ."

ಅವನು ಲೇಬಲ್ಲಿನ ಎರಡೂ ಮಗ್ಗುಲು ನೋಡಿದ. "ಯಾರ ಬರದದ್ದು?"

"ನಾನರಿ."

"ಇಂಗ್ಲಿಷ್ ಕಲತೀ ಏನು?"

"ಇಲ್ರಿ."

ಅವನು ನಗಲಿಲ್ಲ. ಲೇಬಲ್ಲನ್ನು ಕಿಂಡಿಯಿಂದ ಹೊರಗೆ ಸರಿಸಿದ. "ಅಕ್ಷರ ದುಂಡಗ ಅದಾವ ತಂಗಿ. ಆದರ ರಿಜಲ್ಟ ಬಂದ ಮ್ಯಾಲ ಯಾರೂ ಏನೂ ಸೇರಸೂದಿಲ್ಲ. ಮನಿಗೆ ಹೋಗ."

ಮನೆಗೆ ಹೋಗುವ ದಾರಿ ಬಸ್ ಸ್ಟ್ಯಾಂಡಿನ ಮುಂದೆ ಹಾದು ಬರುತ್ತದೆ. ಕೊಲ್ಹಾಪುರದ ಬಸ್ಸು ಹೊರಡಲು ನಿಂತಿತ್ತು, ಅರ್ಧ ಖಾಲಿ. ನಾನು ಅದರ ಬಾಗಿಲ ಎದುರು ನಿಂತೆ, ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ ಮರಾಠಿಯಲ್ಲಿ ಕೇಳಿದ.

"ಯೇಣಾರ ಕಾ ಗ ಪೋರೀ?"

ಬರುತ್ತೀಯಾ ಎಂದು ಕೇಳಿದ್ದು ನನಗೆ ಚೆನ್ನಾಗಿ ತಿಳಿಯಿತು. ಇಲ್ಲ ಎಂದು ತಲೆಯಾಡಿಸಿದೆ. ಅವನು ಗಂಟೆ ಹೊಡೆದ. ನಾನು ಬಂದ ದಾರಿಯಲ್ಲೇ ಮನೆಗೆ ಬಂದು ಎಲೆಯ ಮುಂದೆ ಕುಳಿತೆ. ಆಯಿ ಇನ್ನೂ ಬಂದಿರಲಿಲ್ಲ. ಬಂದ ಮೇಲೆ, ಮುಖ ಯಾಕ ಕೆಂಪಾಗೈತಿ ಎಂದು ಕೇಳಿದಳು, ಒಲೆಯ ಮುಂದೆ ಕುಳಿತಿದ್ದೆ ಎಂದೆ.

ಲಗ್ನ ಯುಗಾದಿಯ ಮರುವಾರ ಆಯಿತು. ಸತ್ತಿಯಲ್ಲಿ ನೆರೆಯ ಹೆಂಗಸರು, ಇಷ್ಟ ಸಣ್ಣಾಕಿನ್ನ ಹಿಡದ ಕಟ್ಟಿದರೇನ ನಿಮ್ಮವರು ಎಂದು ಕೇಳಿದಾಗ, ಹೌದ್ರಿ ಎನ್ನುತ್ತಿದ್ದೆ. ಈಗಲೂ ಯಾರಾದರೂ ಕೇಳಿದರೆ ಹಾಗೇ ಹೇಳುತ್ತೇನೆ, ಬಸ್ಸಿನ ಮಾತು ತೆಗೆಯುವುದಿಲ್ಲ. ಅವತ್ತು ಟಿಕೆಟ್ಟಿಗೆ ನನ್ನ ಕೈಯಲ್ಲಿ ಒಂದು ಪೈಸೆ ಇರಲಿಲ್ಲ, ಅದು ಖರೆ. ಆದರೆ ಅದು ನನಗೆ ಹೊಳೆದದ್ದು ಮನೆಗೆ ಬಂದು, ಅರ್ಧ ಚೀಲ ಎಲೆ ಕತ್ತರಿಸಿ ಮುಗಿದ ಮೇಲೆ.